ಎಂಟು ಹೆಸರಿನಷ್ಟು ಬೆಳಕು

ಮೊದಲ ಮೂರು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ.
ಬೆಳಗಾದರೆ ಹೊಸ್ತಿಲ ಕೆಂಪು ಧೂಳು ಗುಡಿಸು,
ಪರದೆಯಲ್ಲಿ ಬರೆದ ವಿಮಾನದ ರೆಕ್ಕೆ ಒರೆಸು,
ಗಿರಾಕಿಗೆ ಬಾಚಣಿಗೆ ಕೊಡು, ಪೌಡರು ಕೊಡು,
ಕೊಟ್ಟದ್ದನ್ನು ಮರೆಯದೆ ಇಸಿದುಕೋ.
ಇಲಾ ಪೇಟೆಯ ಇಯಾ ಮೊರೆನಿಕೆ ಸ್ಟುಡಿಯೊ
ಅಂದರೆ ಒಂದೂವರೆ ಕೋಣೆ.
ಒಂದು ಬೆಳಕಿಗೆ,
ಅರ್ಧ ಕತ್ತಲಿಗೆ.

ಆಮೇಲೆ ಕಲಿತದ್ದೆಲ್ಲ ಕೆಡಿಸಿಯೇ.
ಹೆಡ್ಮಾಸ್ತರರ ತಲೆ ಹಾರಿಸಿದೆ.
ಮದುಮಗಳ ಕಿವಿಯಿಂದ ದೀಪದ ಕಂಬ ಬೆಳೆಸಿದೆ.
ಒಂದು ದಿನ ಇಡೀ ರೀಲನ್ನೇ ಬಿಸಿಲಿಗೆ ಬಿಚ್ಚಿದೆ.
ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
ಆ ಕರೀ ಫಿಲ್ಮನ್ನು ಬಾಗಿಲಿಗೆ ತೋರಣ ಕಟ್ಟಿ
ಬಂದಬಂದವರಿಗೆ ಹೇಳಿದಳು:
"ನಮ್ಮ ಹುಡುಗ ತೆಗೆದ ಸೂರ್ಯ."

ಕತ್ತಲಕೋಣೆಯಲ್ಲಿ ಗಡಿಯಾರ ಇರಲಿಲ್ಲ.
ಬಾಕಿ ಉಳಿಸಿಕೊಂಡವರ ಹೆಸರಿನಲ್ಲೇ ಸೆಕೆಂಡಿನ ಎಣಿಕೆ.
ದರ್ಜಿ ಲಮೀದಿ, ಬ್ರೆಡ್ಡಿನ ಸಿದಿಕತ್,
ಟೈರು ರಿಪೇರಿಯ ಓಗುನ್‌ಟೋಲ...
ಎಂಟು ಹೆಸರು ಮುಗಿದರೆ ದೀಪ ಆರಿಸು.
ಕಾಗದ ನೀರಿಗಿಳಿದು
ಯಾರದೋ ಹುಬ್ಬು ಮೊದಲು ಏಳುತ್ತಿತ್ತು.

ಹರ್ಮಟಾನ್ ಗಾಳಿ ತುಟಿ ಒಡೆಯುವ ತಿಂಗಳು.
ಒಬ್ಬ ತಾಯಿ ಬಂದಳು.
ಒಂದು ಕೈಯಲ್ಲಿ ಏಳು ವರ್ಷದ ಹುಡುಗಿ,
ಇನ್ನೊಂದರಲ್ಲಿ ಮಡಿಸಿದ ಗಂಡುಹುಡುಗನ ಅಂಗಿ.
ಅವಳಿ ಮಕ್ಕಳು.
ಲೋಕದ ರುಚಿ ನೋಡಲು ಮೊದಲು ಬಂದವನು ತೈವೊ,
ನೋಡಿದ್ದು ಸಾಕೆನಿಸಿತೇನೋ,
ಎರಡು ಮಳೆಗಾಲದ ಕೆಳಗೆ ಹೊರಟುಹೋದ.
ಹಿಂದೆ ಬಂದ ಕೆಹಿಂದೆ ಉಳಿದಳು.
"ಇಬ್ಬರದೂ ಜೊತೆಯಲ್ಲಿ ಒಂದು ಬೇಕು."

ನಾನು ಗುರುವಿನ ಮುಖ ನೋಡಿದೆ.
ಅವಳು ಕೋಲಾ ಬೀಜ ಅಗಿಯುತ್ತಾ
"ಇವತ್ತು ನೀನೇ" ಅಂದಳು.

ಫ್ರಾಕಿನಲ್ಲಿ ಒಂದು ತೆಗೆದದ್ದಾಯಿತು.
ಅಂಗಿ ಮಾತ್ರ ಹತ್ತಲಿಲ್ಲ.
ಹೋದವರು ಬೆಳೆಯುವುದಿಲ್ಲ,
ಅವರ ಬಟ್ಟೆಯೂ ಬೆಳೆಯುವುದಿಲ್ಲ.
ಇಯಾ ಕತ್ತರಿ ಹಿಡಿದು ತಾಯಿಯ ಕಡೆ ನೋಡಿದಳು.
ತಾಯಿ ಹೂಂ ಅಂದಮೇಲೆ
ಬೆನ್ನುದ್ದಕ್ಕೆ ಸೀಳಿ, ಪಿನ್ನು ಚುಚ್ಚಿ,
"ಕ್ಯಾಮೆರಾಕ್ಕೆ ಬೆನ್ನು ಕಾಣೋದಿಲ್ಲ" ಅಂದಳು.
ಯಾರಿಗೆ ಅಂದಳೋ.

"ಅಲುಗಬೇಡ" ಅಂದೆ ಹುಡುಗಿಗೆ.
ಇಯಾ ನನ್ನ ಕಿವಿ ಹಿಂಡಿದಳು:
"ಹೆದರಿಸಬೇಡ. ಕೇಳು."
ಏನು ಕೇಳಲಿ?
"ಅವನು ಹೇಗೆ ಕೂರ್ತಿದ್ದ?" ಅಂದೆ.
ಹುಡುಗಿ ಯೋಚಿಸಿದಳು.
ಎಡಗಾಲನ್ನು ಬಲಗಾಲಿನ ಮೇಲೆ ಹಾಕಿ
ಗಲ್ಲ ಸ್ವಲ್ಪ ಮೇಲೆತ್ತಿದಳು.
ಹಿಂದಿನಿಂದ ತಾಯಿಯ ಉಸಿರು ಕೇಳಿಸಿತು.
ಗುಂಡಿ ಒತ್ತಿದೆ.

ಕಾಗದ ಒಂದು, ನೆಗೆಟಿವ್ ಎರಡು.
ಬಲಕ್ಕೆ ರಟ್ಟು ಮುಚ್ಚಿ ಎಡಕ್ಕೆ ಬೆಳಕು,
ಎಡಕ್ಕೆ ಮುಚ್ಚಿ ಬಲಕ್ಕೆ.
ಮೊದಲ ಸಲ ಕೈ ನಡುಗಿತು, ನಡುವೆ ಬಿಳೀ ದಾರ.
ಎರಡನೆಯ ಸಲ ಕರೀ ಗೋಡೆ.
"ಇನ್ನೊಂದು ಹಾಳೆ ತೆಗಿ" ಅಂದಳು.
ಮೂರನೆಯ ಸಲ ಅವಳು ಸಾಲಗಾರರನ್ನು ಎಣಿಸಲಿಲ್ಲ.
ಎಂಟು ಬಾರಿ ಕೆಹಿಂದೆ.
ಎಂಟು ಬಾರಿ ತೈವೊ.

ತಟ್ಟೆಯ ನೀರಿನಲ್ಲಿ ಇಬ್ಬರೂ ಒಟ್ಟಿಗೆ ಎದ್ದರು,
ಮೊಣಕೈಗೆ ಮೊಣಕೈ ತಾಗಿಸಿಕೊಂಡು.

ತಾಯಿ ಅರ್ಧ ದುಡ್ಡು ಕೊಟ್ಟಳು,
ಉಳಿದದ್ದು ಗೆಣಸು ಅಗೆದಮೇಲೆ ಅಂದಳು.
ಇಯಾ ಲೆಕ್ಕದ ಪುಸ್ತಕ ತೆಗೆದಳು,
ಅವಳ ಹೆಸರು ಬರೆಯಲಿಲ್ಲ.
ಕೆಟ್ಟ ಹಾಳೆ ಎರಡು, ಅಕಾನ್ಬಿ,
ಎಂದು ನನ್ನದನ್ನು ಬರೆದಳು.

ಮರುದಿನ ಕೆಂಪು ಬಲ್ಬಿನ ಕೆಳಗೆ
ಯಾರದೋ ಮದುವೆಗೆ ಬೆಳಕು ಬಿಡುತ್ತಿದ್ದಾಗ
ಲಮೀದಿ ಆದ, ಸಿದಿಕತ್ ಆದಳು,
ಓಗುನ್‌ಟೋಲ ಆದ,
ನಾಲ್ಕನೆಯದು ನಾನು.
ನಗು ಉಕ್ಕಿ ಬಂತು.
ರಟ್ಟು ಹಿಡಿದ ಕೈ
ಅಲುಗಲಿಲ್ಲ.