ಮೂವತ್ತೊಂದೂವರೆ ವೋಲ್ಟು

ಗೇನ್ ಅಂದರೆ ವಾಲ್ಯೂಮ್ ಅಲ್ಲ ಮಾರಾಯ.
ಹೊಸ ಹುಡುಗರಿಗೆ ಮೊದಲು ಹೇಳುವುದು ಇದನ್ನೇ,
ಅವರು ಮೊದಲು ಕೆಡಿಸುವುದೂ ಇದನ್ನೇ:
ಸ್ಕ್ರೂಡ್ರೈವರ್ ಸಿಕ್ಕಿಸಿ ಕೊನೆತನಕ ತಿರುವಿ
ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆ ಮಾಡಿ
ಹತ್ತು ನಿಮಿಷದಲ್ಲಿ ಕಾಯಿಲ್ ಸುಟ್ಟ ವಾಸನೆ.

ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ, ಟಯರ್ ಅಂಗಡಿಯ ಹಿಂದಿನ ಸಂದು.
ಆಗಸ್ಟಿನ ಮಧ್ಯಾಹ್ನ, ಬಿಸಿಲಲ್ಲಿ ಬಿಟ್ಟ ಸ್ಪ್ಯಾನರ್ ಮುಟ್ಟಿದರೆ ಬೊಬ್ಬೆ.
ಉಬೈದ್ ಬಂದ, ಬಿಳಿ ಲ್ಯಾಂಡ್‌ಕ್ರೂಸರ್.
ಸಲಾಮಿಗೆ ಕೈಯೆತ್ತಿದ, ಮಾತಿಲ್ಲ.
ಫೋನಿನಲ್ಲಿ ಬರೆದು ತೋರಿಸಿದ:
ಹುಟ್ಟಿದಂದಿನಿಂದ ನನಗೆ ಕಿವಿ ಕೇಳಿಸುವುದಿಲ್ಲ.
ಹನ್ನೆರಡಿಂಚಿನವು ಎರಡು ಬೇಕು. ಬಾಗಿಲಿಗೂ ಹಾಕು.
ಗಾಡಿ ಪೂರ್ತಿ ನಡುಗಬೇಕು.

ಕೋಯಾಕ ನನ್ನ ಮುಖ ನೋಡಿದರು, ನಾನು ಅವರದು.
ಜರೀನ್ ಗುಲ್ ಮಾತ್ರ
ಆಗಲೇ ಹಿಂದಿನ ಸೀಟು ಬಿಚ್ಚತೊಡಗಿದ್ದ.

ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸು.
ಎಡಗಡೆ ಕರೆಂಟಿನ ವಯರು, ಬಲಗಡೆ ಸಿಗ್ನಲಿನದು,
ಮಾತುಬಿಟ್ಟ ಓರಗಿತ್ತಿಯರ ಹಾಗೆ ಬೇರೆ ಬೇರೆ ದಾರಿ.
ಎರಡು ಓಮಿಗೆ ಐನೂರು ವಾಟು, ಗುಣಿಸಿ ವರ್ಗಮೂಲ ತೆಗೆ,
ಎಂಟನೇ ಕ್ಲಾಸಿನಲ್ಲಿ ಯಾಕೆ ಕಲಿತೆನೋ ಅಂದುಕೊಂಡಿದ್ದೆ.
ಸ್ಪೀಕರ್ ಕಳಚಿಟ್ಟು, ಐವತ್ತರ ಒಂದೇ ಸ್ವರ ಹಾಕಿ,
ಮೀಟರಿನ ಕಡ್ಡಿ ಚುಚ್ಚಿ
ಕೂದಲೆಳೆಯಷ್ಟು ತಿರುವುವುದು, ನೋಡುವುದು.
ಇಪ್ಪತ್ತಾರು. ಇಪ್ಪತ್ತೊಂಬತ್ತು.
ಮೂವತ್ತೊಂದೂವರೆ. ಸಾಕು.

ಮಾಮೂಲಿ ಗಿರಾಕಿ ಇಲ್ಲಿಗೆ ತನ್ನ ಹಾಡು ಹಾಕಿಸುತ್ತಾನೆ.
ಉಬೈದ್ ಹಾಡು ಬೇಡವೆಂದ.
ಚಪ್ಪಲಿ ಬಿಟ್ಟು, ಅಂಗಾಲು ಊರಿ, ಕಣ್ಣು ಮುಚ್ಚಿ
ಕೂತ.
ನಾನು ಸ್ವರ ಏರಿಸುತ್ತ ಹೋದೆ.
ಇಪ್ಪತ್ತೆಂಟಕ್ಕೆ ಹಿಮ್ಮಡಿ ತೋರಿಸಿದ.
ಮೂವತ್ತಾರಕ್ಕೆ ಸೊಂಟ.
ನಲವತ್ತೆಂಟಕ್ಕೆ ಎದೆಗೂಡಿನ ಕೊನೆಯ ಎಲುಬು,
ಡಾಕ್ಟರ ಹಾಗೆ ಒಂದೇ ಬೆರಳಿಟ್ಟು.
ಅರವತ್ತೆರಡಕ್ಕೆ ಗಂಟಲ ಗುಳಿ; ಬೆರಳು
ಅಲ್ಲಿ ಸ್ವಲ್ಪ ಹೊತ್ತು ನಿಂತಿತು.
ಎಂಬತ್ತರಾಚೆ ಬೇಡವೆಂದು ಕೈಯಾಡಿಸಿದ,
ದೊಡ್ಡ ಎರಡಕ್ಕೂ ಅಲ್ಲಿಗೇ ಫಿಲ್ಟರ್ ಕಟ್ಟಿದೆ.
ಹದಿನೇಳು ವರ್ಷದಲ್ಲಿ
ಇಷ್ಟು ಸರಿಯಾಗಿ ಕೇಳಿಸಿಕೊಂಡ ಗಿರಾಕಿ ಬಂದಿರಲಿಲ್ಲ.
(ನನ್ನ ಎಡಗಿವಿ ಈಗೀಗ ಮಂದ.
ಕೋಯಾಕನಿಗೆ ಹೇಳಿಲ್ಲ.)

ಎಲ್ಲ ಮುಚ್ಚಿ ಇಂಜಿನ್ ಹಾಕಿದೆ.
ಕುಂಯ್ಯ್.
ಬಾಗಿಲ ಚಿಕ್ಕ ಸ್ಪೀಕರಿನಲ್ಲಿ. ಪೆಡಲ್ ಒತ್ತಿದರೆ ಏರುತ್ತದೆ,
ಬಿಟ್ಟರೆ ಇಳಿಯುತ್ತದೆ, ಆಲ್ಟರ್ನೇಟರಿನ ರಗಳೆ.
ಉಬೈದ್ ಹೆಬ್ಬೆರಳೆತ್ತಿ ನಗುತ್ತಿದ್ದ.
ಕೋಯಾಕ ಬಗ್ಗಿ ಅಂದರು: ಬಿಡು ಮೋನೇ,
ಅವನಿಗೆ ಹೇಗೂ ಗೊತ್ತಾಗುವುದಿಲ್ಲ. ಮೂರು ಗಾಡಿ ಕಾಯ್ತಿದೆ.
ಮಾತು ಸುಳ್ಳಲ್ಲ.
ಚಾವಿ ಕೊಡಲೆಂದು ಹೋದವನು
ಡಿಕ್ಕಿಯೊಳಗೆ ಯಾಕೆ ತೂರಿದೆನೋ.

ಅರ್ತಿನ ಬೋಲ್ಟಿನಡಿ ಪೇಂಟು ಹಾಗೇ ಇತ್ತು.
ಗುಲ್ ಕೆರೆದಿರಲಿಲ್ಲ. ಅಥವಾ ನಾನೇ.
ಮರಳುಕಾಗದ ಮಡಚಿ ಉಜ್ಜಿದೆ:
ಬಿಳಿ, ಅದರಡಿ ಬೂದು, ಅದರಡಿ ಜಂಬಿಟ್ಟಿಗೆಯ ಕೆಂಪು,
ಆಮೇಲೆ ಹಲ್ಲಿನ ಹಾಗೆ ಬರಿಯ ಕಬ್ಬಿಣ.
ವಯರು ಗಿಡ್ಡ ಮಾಡಿ ಬಿಗಿದೆ. ಬೆವರು ಕಣ್ಣಿಗಿಳಿದು ಉರಿ.
ಇಂಜಿನ್. ಬಲಗಿವಿ ಕೊಟ್ಟು ಕೂತೆ.
ಏಸಿಯ ಗಾಳಿ. ಪಕ್ಕದಲ್ಲಿ ನಟ್ಟು ಬಿಚ್ಚುವ ಗನ್ನು.
ಬೇರೇನೂ ಇಲ್ಲ.

ಫೋನು ಚಾಚಿದ: ಇಷ್ಟು ಹೊತ್ತು ಒಳಗೇನು ಮಾಡಿದೆ?
ಹೇಗೆ ಹೇಳುವುದು. ಬೆರಳನ್ನು ಕಿವಿಯ ಸುತ್ತ ಸುತ್ತಿಸಿ
ಸೊಳ್ಳೆ ಮಾಡಿ ತೋರಿಸಿದೆ.
ಹುಬ್ಬು ಗಂಟಿಕ್ಕಿ ಯೋಚಿಸಿದ. ಮೊಣಕೈ ತುರಿಸಿಕೊಂಡು
ಇದಾ? ಎಂಬಂತೆ ನೋಡಿದ.
ಹೌದು, ಅದೇ. ಅವನ ಸೊಳ್ಳೆ ಕಚ್ಚುವುದಷ್ಟೇ.
ಸತ್ತಿತು ಎಂದು
ಎರಡೂ ಕೈ ಸೇರಿಸಿ ಪಟ್ಟನೆ ಬಡಿದೆ.

ಅವನು ನನ್ನ ಅಂಗೈ ಹಿಡಿದು ಬಿಡಿಸಿದ,
ರಕ್ತ ಉಂಟಾ ಅಂತ.
ಗ್ರೀಸ್ ಇತ್ತು.