ಬಾವಿ ತೋಡುವ ಸಭೆ

ಆಗಸ್ಟಿನ ಚಳಿ. ಕಟೂಂಬಾದಾಚೆ ಬೆಟ್ಟದ ನೆತ್ತಿಯಲ್ಲಿ
ಒಂಬತ್ತು ಮನೆಗಳ ನಮ್ಮ ಬೀದಿ.
ಬರುವುದಕ್ಕೂ ಒಂದೇ ದಾರಿ, ಓಡುವುದಕ್ಕೂ ಅದೇ.
ಆಮೇಲೆ ಬರೀ ನೀಲಗಿರಿ ಮರ,
ಮೈತುಂಬ ಎಣ್ಣೆ ಹೊತ್ತು ನಿಂತ ಕಣಿವೆ.

ತುಯೆತ್ ಮನೆಯ ಅಡುಗೆಕೋಣೆಯಲ್ಲಿ ಸೇರಿದೆವು.
ಕುರ್ಚಿ ಸಾಲದೆ ಕೋಸ್ಟಾಸ್ ಅಕ್ಕಿಮೂಟೆ ಮೇಲೆ ಕೂತ.
ನಮ್ಮಲ್ಲೊಂದು ಗಾದೆಯಿದೆ, ಅಂದೆ ನಾನು:
ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ.
ನನ್ನ ಮುರುಕು ಇಂಗ್ಲಿಷಿನಲ್ಲಿ ಅದು
ಹಾಸ್ಯವೋ ಬೈಗುಳವೋ ತಿಳಿಯದೆ
ಎಲ್ಲರೂ ಚಹಾ ಕುಡಿದರು.
"ಇಲ್ಲಿ ಬರೀ ಕಲ್ಲು, ತೋಡೋದು ನಿಧಾನ," ಅಂದಳು ಬೆರಿಲ್,
ಎಂಬತ್ತಮೂರು, ಮೂಗಿಗೆ ಆಮ್ಲಜನಕದ ಕೊಳವೆ,
"ಅದಕ್ಕೇ ಇವತ್ತೇ ಶುರು ಮಾಡೋಣ."

ಹಾಳೆಯ ನಡುವೆ ಗೆರೆ ಎಳೆದೆವು.
ಎಡಕ್ಕೆ ಇರುವುದು, ಬಲಕ್ಕೆ ಬೇಕಾದದ್ದು.
ಎಡಗಡೆ ನೂಕುನುಗ್ಗಲು:
ಜನರೇಟರ್, ಉದ್ದ ಏಣಿ, ಉಣ್ಣೆಯ ಕಂಬಳಿ ಆರು,
ಕುದುರೆ ಸಾಗಿಸುವ ಗಾಡಿ,
ಸೂರಿನ ದೋಣಿಯಲ್ಲಿ ನೀರು ನಿಲ್ಲಿಸಲು
ಕೊಳವೆಯ ಬಾಯಿಗೆ ತುರುಕುವ ಹಳೇ ಟೆನಿಸ್ ಚೆಂಡು ಹನ್ನೆರಡು
(ನಾಲ್ಕನ್ನು ಕೋಸ್ಟಾಸನ ನಾಯಿ ಆಗಲೇ ಕದ್ದಿತ್ತು).
ನಾನೂ ಬರೆದೆ: ಬೇಕರಿಯವಳು, ಬ್ರೆಡ್ಡಿಗೆ ಚಿಂತೆಯಿಲ್ಲ.

ಬಲಗಡೆ ಮಾತ್ರ ಬಿಳಿ.
ಕೊಡುವ ಕೈ ತಾನಾಗಿ ಮೇಲೇಳುತ್ತದೆ,
ಚಾಚುವ ಕೈ ಮೊಣಕೈಯಲ್ಲೇ ಹಿಡಿದುಕೊಳ್ಳುತ್ತದೆ.

"ಕರೆಂಟು ಹೋದರೆ ನನ್ನ ಉಸಿರಿಗೆ ನಾಲ್ಕು ಗಂಟೆ,"
ಅಂದಳು ಬೆರಿಲ್, ಹಾಲಿನ ಲೆಕ್ಕ ಹೇಳಿದ ಹಾಗೆ.
"ಗ್ಯಾರೇಜಿನ ಬಾಗಿಲು ಎತ್ತೋಕಾಗಲ್ಲ. ಬರಕೊಳ್ಳಿ."

ಅಷ್ಟು ಸಾಕಾಯಿತು.
ಕೋಸ್ಟಾಸ್ ತನ್ನ ಬೂಟಿಗೆ ಹೇಳಿದ:
ನನಗೆ ಓದು ಬರಲ್ಲ. ಮೆಸೇಜು ಬೇಡ, ಕೂಗಿ.
ಹೊಗೆ ಕಂಡರೆ ನನ್ನ ಕಾಲು ನೆಲ ಹಿಡಿಯುತ್ತೆ,
ಅಂದಳು ತುಯೆತ್. ಯಾರಾದರೂ ಎಳೆಯಬೇಕು.
ನಾನು: ರಾತ್ರಿ ಪಾಳಿ. ಹಗಲೆಲ್ಲ ಕಪ್ಪು ಪರದೆ,
ಕಿವಿಗೆ ಮೇಣ, ಆರಿಸಿಟ್ಟ ಫೋನು.
ಲೋಕ ಉರಿದರೂ ನನಗೆ ಗೊತ್ತಾಗದು.

ಬೇಲಿಯ ಕೊಂಬೆಯ ಜಗಳಕ್ಕೆ
ಎರಡು ವರ್ಷದಿಂದ ಮಾತು ಬಿಟ್ಟಿದ್ದ ಕೆರಿಗನ್
ಗೋಡೆಯ ಕ್ಯಾಲೆಂಡರಿನತ್ತ ತಿರುಗಿ,
"ಅವಳ ಕಿಟಕಿ ನಾನು ಬಡೀತೀನಿ," ಅಂದ.
ಕೊಂಬೆಯ ಮಾತು ಇವತ್ತಿಗೂ ಆಗಿಲ್ಲ.

ಸೆಪ್ಟೆಂಬರಿನ ಒಂದು ಮಂಗಳವಾರ ತಾಲೀಮು.
ಹನ್ನೊಂದಕ್ಕೆ ಸರಿಯಾಗಿ ನನ್ನ ಕಿಟಕಿಯಲ್ಲಿ
ಬಾಣಲೆಗೂ ಸೌಟಿಗೂ ಯುದ್ಧ.
ನೈಟಿಯ ಮೇಲೆ ಕೋಟು, ಕಾಲಿಗೊಂದೊಂದು ಬಗೆಯ ಚಪ್ಪಲಿ.
ಕುದುರೆ ಹತ್ತಲೊಲ್ಲದು, ಕೋಳಿ ಸಿಕ್ಕಲೊಲ್ಲದು,
ತುಯೆತ್‌ಳ ಕೈ ಹಿಡಿದು ಕೋಸ್ಟಾಸ್ ಎಳೆದೇ ಎಳೆದ,
ಅವಳು, ಇದು ತಾಲೀಮು ಕಣೋ, ಬಿಡೋ, ಅಂದರೂ.

ಮೈದಾನದ ಗೇಟಿನಲ್ಲಿ ಗಡಿಯಾರ ನೋಡಿದೆವು:
ಹತ್ತೊಂಬತ್ತು ನಿಮಿಷ! ಚಪ್ಪಾಳೆ ಎದ್ದಿತು,
ಅರ್ಧಕ್ಕೇ ನಿಂತಿತು.
ನೀನು ಕರೆತರುತ್ತೀಯ ಅಂತ ನಾನು,
ಅವಳು ಅಂತ ಅವನು,
ಕುದುರೆಗಾಡಿಯಲ್ಲಿ ಇದ್ದಾಳೆ ಅಂತ ಇನ್ನೊಬ್ಬರು.
ಹಾಳೆ ಬಿಚ್ಚಿದರೆ ಬೆರಿಲ್ ಹೆಸರಿನ ಮುಂದೆ
ನನ್ನದೇ ಅಕ್ಷರ: ಎಲ್ಲರೂ.

ಜಗಲಿಯಲ್ಲಿ ಕೂತಿದ್ದಳು,
ತಲೆಗೆ ಟೋಪಿ, ತೊಡೆಯ ಮೇಲೆ ಕೈಚೀಲ,
ಮದುವೆಮನೆಯ ಕಾರಿಗೆ ಕಾದವಳ ಹಾಗೆ.
"ನಾನು ಸತ್ತು ಕಾಲು ಗಂಟೆ ಆಯ್ತು," ಅಂದಳು,
"ಅದನ್ನೂ ಬರಕೊಳ್ಳಿ. ಆಮೇಲೆ ಚಹಾ ಇಡಿ."
ನಕ್ಕವಳು ಅವಳೊಬ್ಬಳೇ.
ನಗುವಿಗೆ ಕೊಳವೆ ಕುಲುಕಿತು.
ಕೆರಿಗನ್ ಹೋಗಿ ಕೆಟಲ್ ಹಚ್ಚಿ
ಬಹಳ ಹೊತ್ತು ನಮಗೆ ಬೆನ್ನು ಹಾಕಿ ನಿಂತ.

ಎಲ್ಲರೂ ಎಂಬುದನ್ನು ಹೊಡೆದುಹಾಕಿ
ಎರಡು ಹೆಸರು ಬರೆದೆ. ಒಂದು ಅವನದು.

ಅಕ್ಟೋಬರ್ ಬಂತು, ಗಾಳಿ ವಾಯವ್ಯಕ್ಕೆ ತಿರುಗಿದೆ.
ಏಪ್ರನ್ನಿನ ಜೇಬಿನಲ್ಲಿ ಬೆರಿಲ್ ಮನೆಯ ಬೀಗದಕೈ.
ನಡುರಾತ್ರಿ ಹಿಟ್ಟು ನಾದುತ್ತ ಬಾಗಿದಾಗಲೆಲ್ಲ
ತೊಡೆಗೆ ತಾಗುತ್ತದೆ,
ತಣ್ಣಗೆ.