ಉದ್ರಿ

ಚೌಕಿಪೇಟೆಯ ನಮ್ಮ ಅಂಗಡಿಯಲ್ಲಿ
ಅಪ್ಪ ಸಬಕಾರದ ಉದ್ದ ಪಟ್ಟಿಯನ್ನು ತಂತಿಯಿಂದ ಕೊಯ್ಯುತ್ತಿದ್ದ.
ಅದಕ್ಕೆ ಹೆಸರಿರಲಿಲ್ಲ.
"ಹಳದೀದು ಅರ್ಧ" ಅಂದರೆ ಸಾಕು,
ತಕ್ಕಡಿ, ಕಾಗದ, ದಾರ.

ಮಂಡಕ್ಕಿ ಭಟ್ಟಿಯ ಖೈರೂನಬಿ
ಇವತ್ತಿಗೂ ಅದನ್ನೇ ಕೇಳುತ್ತಾಳೆ.
ಭಟ್ಟಿಯ ಮಸಿ ಬೇರೆ ಯಾವುದಕ್ಕೂ ಬಗ್ಗಲ್ಲ ಅಂತ ಅವಳ ವಾದ.
ಫೋನು ಇದೆ. ಮರಳು ಕಾಯುವ ತನಕ ನೋಡುತ್ತಾಳೆ,
ಅಡುಗೆ, ಮೆಹಂದಿ, ಯಾರದೋ ಮನೆಯ ಜಗಳ.
ನಡುವೆ ಜಾಹೀರಾತು ಬಂದರೆ,
"ನಾನ್ಯಾಕೆ ನೋಡ್ಲಣ್ಣ ಆ ಸುಳ್ಳು ಮುಖಗಳ್ನ,
ಐದು ಎಣಿಸೋದ್ರಾಗೆ ಆಚೆ ದಬ್ಬಿಬಿಡ್ತೀನಿ."

ಐದು ಎಣಿಸುವ ತನಕ ಅಲ್ಲಿ
ನೊರೆಯೊಳಗಿಂದ ಕೂಸೊಂದು ನಗುತ್ತದೆ.
ಒಂದು, ಅದರ ಮೊದಲ ಹಲ್ಲು.
ಎರಡು, ಯಾರದೋ ಸೆರಗಿನ ನೀಲಿ.
ಆಮೇಲೆ ಹೆಬ್ಬೆಟ್ಟು ಬರುತ್ತದೆ.
ದಿನಕ್ಕೆ ಎಷ್ಟು ಸಲವೋ, ಅವಳು ಲೆಕ್ಕ ಇಟ್ಟಿಲ್ಲ.
ಇಟ್ಟವರು ಬೇರೆ ಎಲ್ಲೋ ಇದ್ದಾರೆ.

ಮೊನ್ನೆ ಸಂಜೆ ಪೇಟೆ ಪೂರ್ತಿ ಕರೆಂಟು ಹೋಯಿತು.
ಹಳೇ ಗಿರಾಕಿ, ಅಂಗಡಿಯ ಒಳಗೇ ಬಂದು ನಿಂತಿದ್ದಳು.
ನಾನು ಟಾರ್ಚು ಹಾಕುವಷ್ಟರಲ್ಲಿ
ಅವಳ ಕೈಯಲ್ಲಿ ನೀಲಿ ಪೊಟ್ಟಣ.
"ಹಳದೀದು ಅಂದಿದ್ದಿ ಅಲ್ಲೇನವ್ವ?"
ತನ್ನ ಕೈಯನ್ನೇ ನೋಡಿದಳು,
ಬಸ್ಸಿನಲ್ಲಿ ಪಕ್ಕದವರ ಕೈ ತನ್ನ ಚೀಲದೊಳಗೆ ಸಿಕ್ಕಿದಂತೆ.
"ಇದನ್ನ ಯಾರು ತಗೊಂಡ್ರು?"

ನಕ್ಕೆ. ಜೋರಾಗಿಯೇ ನಕ್ಕೆ.
ಆಮೇಲೆ ಟಾರ್ಚು ಕಪಾಟಿನ ಕಡೆ ತಿರುಗಿತು.
ನೀಲಿ ಇದ್ದದ್ದು ಎದೆಮಟ್ಟದ ಹಲಗೆಯಲ್ಲಿ,
ಕತ್ತಲಲ್ಲೂ ಕೈಗೆ ಸಿಗುವಲ್ಲಿ.
ಹಳದಿ, ಕೆಳಗೆ, ಫಿನಾಯಿಲ್ ಡಬ್ಬದ ಹಿಂದೆ.
ಕಂಪನಿಯವರು ನನಗೊಂದು ರೂಪಾಯಿ ಕೊಟ್ಟಿಲ್ಲ,
ಹೀಗೆ ಇಡು ಅಂತ ಯಾರೂ ಹೇಳಲಿಲ್ಲ.
ಯಾವಾಗ ಇಟ್ಟೆ?
ಮಧ್ಯಾಹ್ನ ಗಿರಾಕಿ ಇಲ್ಲದಾಗ
ನಾನೂ ಫೋನು ಹಿಡಿದು ಕೂರುತ್ತೇನಲ್ಲ.

"ಇರ್ಲಿ ಬಿಡಣ್ಣ, ಬರ್ಕೋ" ಅಂದಳು ಖೈರೂನಬಿ.
ವಾಪಸು ಇಡಲಿಲ್ಲ.
ಮೂಗಿಗೆ ಹಿಡಿದು ಮೂಸಿದಳು,
ಯಾರಿಗೋ ಸೋತವಳ ಹಾಗೆ, ಒಂಚೂರು ಖುಷಿಯಲ್ಲೂ.

ಉದ್ರಿ ಪುಸ್ತಕ ತೆರೆದೆ, ಅಪ್ಪನ ಕಾಲದ್ದು.
ಅವನ ಅಕ್ಷರದಲ್ಲಿ ಪುಟಗಟ್ಟಲೆ
ಸಬಕಾರ ೧, ಸಬಕಾರ ೧, ಸಬಕಾರ ಅರ್ಧ.
ನಾನೂ ಹಾಗೇ ಬರೆಯಬೇಕೆಂದಿದ್ದೆ.
ಪೆನ್ನು ಅದರ ಹೆಸರು ಬರೆಯಿತು,
ಆ ವಾಲಿದ ಅಕ್ಷರ, ಅಡಿಯ ಅಲೆಗೆರೆ ಸಮೇತ.

ಹೊಡೆದುಹಾಕಿದೆ.
ಈ ಪದ್ಯದಲ್ಲೂ ಅದನ್ನು ಹೇಳಿಲ್ಲ.
ನಿಮಗೆ ಆಗಲೇ ಗೊತ್ತಾಗಿದ್ದರೆ
ಅದು ನನ್ನ ತಪ್ಪಲ್ಲ.